ಎಣ್ಣೆ ಹಚ್ಚಬಾರದ ಕಬ್ಬಿಣ

ಬನಹಟ್ಟಿ

ನಮ್ಮವ್ವ ಜಪಾನಿಗೆ ಹೊರಟದ್ದು ಜಪಾನು ನೋಡುವುದಕ್ಕಲ್ಲ, ಸೊಸೆಯನ್ನು ಮನೆಗೆ ಕರೆದುಕೊಂಡು ಬರುವುದಕ್ಕೆ. ನಾನು ಹೊರಟದ್ದು ಹೆಂಡತಿಯನ್ನು ಕಣ್ತುಂಬ ನೋಡುವುದಕ್ಕೆ, ಮತ್ತು ಅವರಿಬ್ಬರ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂರುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಓದುವವರು ಚೆರ್ರಿ ಹೂವು, ಬುಲೆಟ್ ರೈಲು ಅಂತ ಕಾದು ಕೂತು ಆಮೇಲೆ ನನ್ನನ್ನು ಬೈದಾರು.

ನಾನು ಮುಧೋಳದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೆಂಡತಿ ಭಾಗ್ಯಾ ಅನಗವಾಡಿಯ ಕುರಿ ಸಾಕುವವರ ಮನೆಯ ಮಗಳು, ಎತ್ತರದ ಕಟ್ಟಡಗಳ ಉಕ್ಕಿನ ಲೆಕ್ಕ ಹಾಕುವ ಎಂಜಿನಿಯರು. ಯಾವ ಕಂಬ ಎಷ್ಟು ದಪ್ಪ ಇರಬೇಕು, ಯಾವ ತೊಲೆ ಎಲ್ಲಿ ಕೂಡಬೇಕು, ಗಾಳಿ ಬೀಸಿದರೆ ಕಟ್ಟಡ ಎಷ್ಟು ತೂಗಬಹುದು, ನೆಲ ನಡುಗಿದರೆ ಎಲ್ಲಿ ಬಾಗಬೇಕು, ಇವನ್ನೆಲ್ಲ ಗೆರೆ ಎಳೆದು ತೋರಿಸುವುದು ಅವಳ ಕೆಲಸ. ನಾನೂ ಗೆರೆ ಎಳೆಯುವವನೇ. ನನ್ನ ಗೆರೆ ತಪ್ಪಿದರೆ ಹುಡುಗರು ನಗುತ್ತಾರೆ. ಅವಳ ಗೆರೆ ತಪ್ಪಿದರೆ ನಗುವುದಕ್ಕೆ ಯಾರೂ ಉಳಿಯುವುದಿಲ್ಲ.

ಪುಣೆಯ ಕಂಪನಿಯವರು ಅವಳನ್ನು ಒಸಾಕಾದ ಒಂದು ಕಟ್ಟಡದ ಕೆಲಸಕ್ಕೆ ಕಳಿಸಿದಾಗ ಅವ್ವ ಬೇಡ ಅನ್ನಲಿಲ್ಲ. “ಮಂದಿ ಮನಿ ಎಬ್ಬಸಾಕ ಹೊಂಟಾಳ. ನಮ್ಮನಿ ಯಾವಾಗ ಎಬ್ಬಸ್ತಾಳಂತ ಕೇಳು” ಅಂದಳು, ಅದೂ ನನಗೆ. ನಮಗಿನ್ನೂ ಮಕ್ಕಳಾಗಿಲ್ಲ ಅನ್ನುವುದು ಆ ಮಾತಿನ ಒಳಗಿತ್ತು. ಅಂದಿನಿಂದ ಅತ್ತೆ ಸೊಸೆಯ ಮಾತುಕತೆಯೆಲ್ಲ ನನ್ನ ಮೂಲಕವೇ. ವಿಡಿಯೋ ಕಾಲ್‌ನಲ್ಲಿ ಭಾಗ್ಯಾ ಕಣ್ಣೆದುರಿಗೇ ಇದ್ದರೂ ಅವ್ವ ನನ್ನ ಕಡೆ ತಿರುಗಿ, ಉಂಡಳೇನು ಕೇಳು ಅನ್ನುವಳು. ಆ ಕಡೆಯಿಂದ ಅವಳು, ಉಂಡೇನಿ ಅಂತ ಹೇಳ್ರಿ ಅನ್ನುವಳು. ಇಬ್ಬರಿಗೂ ಕೇಳಿಸಿದ ಮಾತನ್ನು ನಾನು ಇನ್ನೊಮ್ಮೆ ಇಬ್ಬರಿಗೂ ಹೇಳುವೆ. ಇದಕ್ಕೆ ಸಂಬಳವಿಲ್ಲ.

ಅವ್ವನ ಬಗ್ಗೆ ಎರಡು ಸಂಗತಿ ಹೇಳಬೇಕು. ಅಪ್ಪ ಬಿಟ್ಟುಹೋದ ನಾಲ್ಕು ಪಾವರಲೂಮ್ ಮಗ್ಗಗಳನ್ನು ಅವಳೇ ನಡೆಸುತ್ತಾಳೆ. ಬೆಳಿಗ್ಗೆ ಎದ್ದವಳು ಮುಖ ತೊಳೆದು, ಮೊದಲು ಎಣ್ಣೆ ಡಬ್ಬಿ ಹಿಡಿದು ಮಗ್ಗದ ಕೀಲು ಕೀಲಿಗೂ ಎಣ್ಣೆ ಬಿಟ್ಟು, ಆಮೇಲೆ ಚಹಾಕ್ಕೆ ಇಡುತ್ತಾಳೆ. ತುಕ್ಕು ಕಂಡರೆ ಮಗುವಿನ ಮೂಗು ಸುರಿಯುವುದು ಕಂಡಂತೆ ಅವಳಿಗೆ. ಯಾರ ಮನೆಯದಾದರೂ ಸರಿ, ಸೆರಗಿನಿಂದ ಒರೆಸಲೇಬೇಕು. ಇನ್ನೊಂದು, ಮಗ್ಗದ ಸದ್ದಿನಲ್ಲಿ ಬದುಕಿದ ನಮ್ಮೂರ ಹೆಂಗಸರ ಹಾಗೆ ಅವಳೂ ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಮಗ್ಗ ಓಡುವಾಗ ಈ ಗೋಡೆಯಿಂದ ಆ ಗೋಡೆಗೆ, ದನಿ ತೆಗೆಯದೆ ಬರೀ ಬಾಯಿ ಅಲ್ಲಾಡಿಸಿ, ಸಂತೆ ಸಾರು ಸಂಬಂಧ ಎಲ್ಲ ಮಾತಾಡಿ ಮುಗಿಸುತ್ತಾರೆ. ಸದ್ದು ನಿಂತಾಗ ಮಾತ್ರ ಊರೆಲ್ಲ ಕೇಳುವ ಹಾಗೆ ಕೂಗುತ್ತಾರೆ.

ಕಟ್ಟಡದ ಕೊನೆಯ ತೊಲೆ ಏರಿಸುವ ದಿನ ಅಲ್ಲಿ ಕೆಲಸ ಮಾಡಿದವರ ಮನೆಯವರನ್ನೂ ಕರೆಯುವುದು ಜಪಾನಿನವರ ಪದ್ಧತಿಯಂತೆ. ಬರ್ರಿ, ಅತ್ತಿನ್ನೂ ಕರ್ಕೊಂಡ ಬರ್ರಿ ಅಂತ ಭಾಗ್ಯಾ ಹೇಳಿದಳು. ಅವ್ವ ಒಂದೇ ಮಾತಿಗೆ ಹೂಂ ಅಂದಳು. ಆಗಲೇ ನನಗೆ ಸಂಶಯ ಬಂತು. ಕಟ್ಟಡ ಮುಗಿದರೆ ಕೆಲಸ ಮುಗಿಯಿತು, ಕೆಲಸ ಮುಗಿದರೆ ಸೊಸೆ ನಮ್ಮ ಜೊತೆಯಲ್ಲೇ ವಾಪಸ್ಸು ಅನ್ನುವುದು ಅವಳ ಲೆಕ್ಕ.

ಒಸಾಕಾದ ವಿಮಾನ ನಿಲ್ದಾಣ

ನಮ್ಮ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇರಬಹುದೆಂದು ನಾನು ಹೆದರಿದ್ದೆ. ಅವ್ವ ಅದನ್ನೆಲ್ಲ ಬಿಟ್ಟು ಬೀರಪ್ಪನ ಗುಡಿಯ ಭಂಡಾರದ ಗಂಟು ಮತ್ತು ಕೊಬ್ಬರಿ ಎಣ್ಣೆಯ ಬಾಟಲಿ ತಂದಿದ್ದಳು. ಎಣ್ಣೆ ತಲೆಗೆ ಅಂತ ತಿಳಿದು ಅಲ್ಲಿಯವರು ಬಿಟ್ಟರು. ಗಂಟು ಬಿಚ್ಚಿ ಹಳದಿ ಪುಡಿ ಕಂಡದ್ದೇ, ಕೈಗವಸು ಹಾಕಿಕೊಂಡ ಯುವಕನೊಬ್ಬ ಒಂದು ಹೆಜ್ಜೆ ಹಿಂದೆ ಸರಿದ. ನಾನು ಅರಿಶಿನ, ದೇವರದು ಅಂತ ಗೊತ್ತಿದ್ದ ಇಂಗ್ಲಿಷಿನಲ್ಲಿ ತೊದಲಿದೆ. ಅವ್ವ ತೊದಲಲಿಲ್ಲ. ಒಂದು ಚಿಟಿಕೆ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು, ಇನ್ನೊಂದು ನನ್ನ ಹಣೆಗೆ. ಮೂರನೆಯದು ಅವನಿಗೇ ಇರಬೇಕು, ಅಷ್ಟರಲ್ಲಿ ನಾನು ಅವಳ ಕೈ ಹಿಡಿದೆ.

ಅವನು ಗಂಟನ್ನು ಒಳಗೆ ಒಯ್ದ. ಬೀರಪ್ಪನನ್ನು ಮಶೀನಿನೊಳಗೆ ಹಾಕುತ್ತಿದ್ದಾರೆ ಅಂತ ಅವ್ವ ಸಿಟ್ಟಾದಳು. ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದು, ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ, ಪ್ರಸಾದ ಕೊಟ್ಟ ಹಾಗೆ ಕೊಟ್ಟ. ಅವ್ವ ದಾರದ ಕಟ್ಟನ್ನು ತಿರುವಿ ನೋಡಿದಳು. ನನಗಿಂತ ಛಲೋ ಕಟ್ಟಿದ್ದಾನೆ ಅಂತ ಒಪ್ಪಿಕೊಂಡಳು.

ಹೊರಗೆ ಭಾಗ್ಯಾ ನಿಂತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು, ಸ್ವಲ್ಪ ಬಡವಾಗಿದ್ದಳು. ಅವಳು ಅವ್ವನ ಕಾಲು ಮುಟ್ಟಿದಳು. ಅವ್ವ ಅವಳ ತಲೆಯ ಮೇಲೆ ಕೈ ಇಟ್ಟು, ನನ್ನ ಮುಖ ನೋಡಿ, “ಸೊರಗ್ಯಾಳ. ಏನ್ ತಿಂತಾಳ ಕೇಳು” ಅಂದಳು. “ಎಲ್ಲಾ ತಿಂತೀನಿ ಅಂತ ಹೇಳ್ರಿ” ಅಂದಳು ಭಾಗ್ಯಾ. ನಾನು ಚೀಲ ಎತ್ತಿಕೊಂಡು ಮುಂದೆ ನಡೆದೆ.

ಭಾಗ್ಯಳ ಮನೆ

ರೈಲಿನಲ್ಲಿ ಅವ್ವ ಬಾಯಿ ತೆಗೆದದ್ದೇ ಡಬ್ಬಿಯ ಜನರೆಲ್ಲ ಒಮ್ಮೆ ತಲೆ ಎತ್ತಿದರು. ಯಾರೂ ಏನೂ ಅನ್ನಲಿಲ್ಲ, ಅನ್ನದಿರುವುದೇ ಅವರ ಬೈಗುಳ. ಅಷ್ಟು ಜನ ಕೂತರೂ ಒಂದು ಕೆಮ್ಮಿಲ್ಲ. ಯಾರಾದರೂ ತೀರಿಕೊಂಡಿದ್ದಾರೇನು ಅಂತ ಅವ್ವ ಕೇಳಿದಳು. ಇಲ್ಲಿ ರೈಲಿನಲ್ಲಿ ಮಾತಾಡುವುದಿಲ್ಲ ಅಂತ ನಾನು ಪಿಸುಗುಟ್ಟಿದೆ. ಅಷ್ಟೇ ತಾನೆ ಅಂತ ಅವಳು ಮಗ್ಗದ ಮಾತಿಗೆ ಇಳಿದಳು. ದನಿಯಿಲ್ಲದೆ, ಬರೀ ತುಟಿಯಲ್ಲಿ, ಎದುರಿಗೆ ನಿದ್ದೆ ಮಾಡುತ್ತಿದ್ದವನು ಪಕ್ಕದವನ ಹೆಗಲ ಮೇಲೆ ಬೀಳುತ್ತಾನೋ ಇಲ್ಲವೋ ಅಂತ ನನ್ನ ಜೊತೆ ಪಣ ಕಟ್ಟಿದಳು. ಅವನು ಬಿದ್ದ. ನನ್ನ ಆ ಕಡೆ ಭಾಗ್ಯಾ ಕಿಸಕ್ಕನೆ ನಕ್ಕಳು. ಮದುವೆಯಾದ ಹೊಸದರಲ್ಲಿ ನಮ್ಮ ಮಗ್ಗದ ಕೋಣೆಯಲ್ಲಿ ಓಡಾಡಿ ಅವಳೂ ಆ ಮಾತು ಕಲಿತಿದ್ದಳು. ಅವ್ವ ಅವಳ ಕಡೆ ಒಮ್ಮೆ ನೋಡಿ, ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದಳು.

ಭಾಗ್ಯಳ ಮನೆ ನಮ್ಮ ಅಡುಗೆಮನೆಯಷ್ಟು ಇತ್ತು. ಅದರಲ್ಲೇ ಎಲ್ಲಾ. ಒಂದು ಗಾಜಿನ ಬಾಗಿಲು, ಅದರಾಚೆ ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಸಂಜೆ ಅವ್ವ ನೆಲದ ಮೇಲೆ ಕಾಲು ಚಾಚಿ ಕೂತು ಟಿವಿಯಲ್ಲಿ ದಪ್ಪ ದಪ್ಪ ಪೈಲ್ವಾನರ ಕುಸ್ತಿ ನೋಡುತ್ತಿದ್ದಳು. ಭಾಗ್ಯಾ ನನ್ನನ್ನು ಬಟ್ಟೆ ಹಾಕುವ ನೆಪದಲ್ಲಿ ಬಾಲ್ಕನಿಗೆ ಕರೆದು, ಬಾಗಿಲು ಎಳೆದಳು.

ವಿಷಯ ಇಷ್ಟು. ಒಸಾಕಾದ ಕಂಪನಿಯವರಿಗೆ ಅವಳ ಕೆಲಸ ಹಿಡಿಸಿದೆ. ಇದಕ್ಕಿಂತ ಎತ್ತರದ ಇನ್ನೊಂದು ಕಟ್ಟಡ, ಪೂರಾ ಉಕ್ಕಿನದು, ಅದರ ಚೌಕಟ್ಟಿನ ಹೊಣೆ ಅವಳಿಗೇ ಕೊಡುತ್ತೇವೆ ಅಂದಿದ್ದಾರೆ. ಇನ್ನೆರಡು ವರ್ಷ. ತೊಲೆ ಏರಿದ ಮೇಲೆ ಉತ್ತರ ಹೇಳಬೇಕು.

“ಅತ್ತಿಗೆ ಹೆಂಗ ಹೇಳಲಿ?” ಅಂದಳು. “ಕರ್ಕೊಂಡ ಹೋಗಾಕ ಬಂದಾರ ಅವರು. ನನಗ ಗೊತ್ತಿಲ್ಲೇನು.”

ನನಗೆ ಏನು ಬೇಕು ಅಂತ ಕೇಳಿದಳು. ಒದ್ದೆ ಅಂಗಿಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. “ನನಗ ನೀ ಬೇಕು” ಅಂದೆ. “ಆದ್ರ ಬಿಟ್ಟ ಬಾ ಅನ್ನಾಕ ನಾಲಿಗಿ ಏಳವಲ್ದು.” ಅವಳು ಅಂಗಿ ಕಿತ್ತುಕೊಂಡು ಕೊಡವಿ ಹಾಕಿದಳು. ನೀರಿನ ಹನಿ ನನ್ನ ಮುಖಕ್ಕೆಲ್ಲ ಹಾರಿತು. ತೊಲೆ ಏರಲಿ, ಆಮೇಲೆ ಅವ್ವನಿಗೆ ಹೇಳೋಣ ಅಂತ ತೀರ್ಮಾನ ಮಾಡಿ ಒಳಗೆ ಬಂದೆವು. ಇಷ್ಟು ಮೈ ಇದ್ದವನು ಒಂದೇ ನೂಕಿಗೆ ಹೊರಗೆ ಬಿದ್ದನಲ್ಲ ಅಂತ ಅವ್ವ ಟಿವಿಯ ಪೈಲ್ವಾನನನ್ನು ಬೈಯುತ್ತಿದ್ದಳು.

ಅವಳ ಕಟ್ಟಡ

ಮರುದಿನ ಬೆಳಿಗ್ಗೆ ಭಾಗ್ಯಾ ನಮ್ಮನ್ನು ಕಟ್ಟಡಕ್ಕೆ ಕರೆದುಕೊಂಡು ಹೋದಳು. ಗೇಟಿನೊಳಗೆ ಕಾಲಿಟ್ಟಾಗ ಹೆಲ್ಮೆಟ್ ಹಾಕಿದ ಗಂಡಸರೆಲ್ಲ ಸಾಲಾಗಿ ನಿಂತು, ಪಿಯಾನೋದ ಹಾಡಿಗೆ ಕೈ ಮೇಲೆ, ಕೈ ಕೆಳಗೆ, ಸೊಂಟ ಬಗ್ಗಿಸು ಅಂತ ಕವಾಯತು ಮಾಡುತ್ತಿದ್ದರು. ನಮ್ಮ ಶಾಲೆಯಲ್ಲಿ ಪಿ.ಟಿ. ಮಾಸ್ತರರು ಬಡಿಗೆ ಹಿಡಿದರೂ ಆಗದ ಶಿಸ್ತು. ಮುಂದೆ ನಿಂತವನು ತಲೆ ನೆರೆತ ಗಟ್ಟಿ ಆಳು, ಹೆಸರು ಒಕಾದಾ. ತೊಲೆ ಏರಿಸಿ ಕೂಡಿಸುವ ತಂಡಕ್ಕೆ ಅವನೇ ಮುಖ್ಯಸ್ಥ. ಇಲ್ಲಿ ಯಾರು ಏನೇ ಮಾಡುವ ಮೊದಲೂ ಬೆರಳು ತೋರಿಸಿ ಬಾಯಿಬಿಟ್ಟು ಹೇಳುತ್ತಾರೆ: ಕೊಂಡಿ ಸರಿ ಇದೆ, ಹಗ್ಗ ಸರಿ ಇದೆ. ಒಬ್ಬನೇ ಇದ್ದರೂ ಹೇಳುತ್ತಾನೆ. ಅವ್ವನಿಗೆ ಇದು ಬಹಳ ಮೆಚ್ಚಿಗೆಯಾಯಿತು. ಬೇಲಿಯ ಮೇಲೆ ಒಂದು ಫಲಕ, ಅದರಲ್ಲಿ ಈ ಹೊತ್ತಿಗೆ ಎಷ್ಟು ಸದ್ದಾಗುತ್ತಿದೆ ಅನ್ನುವ ಅಂಕಿ ಓಡುತ್ತಿರುತ್ತದೆ, ನೆರೆಯವರಿಗೆ ಗೊತ್ತಾಗಲಿ ಅಂತ. ಅದನ್ನು ನಮ್ಮ ಓಣಿಯಲ್ಲಿ ಹಾಕಿದರೆ ಫಲಕವೇ ಒಡೆದುಹೋದೀತು.

ಎತ್ತರ ಹತ್ತಲು ಅವ್ವ ಒಪ್ಪಲಿಲ್ಲ. ಒಕಾದಾ ಅವಳನ್ನು ಕೆಳಗೆ ಕೂರಿಸಿಕೊಂಡು ಹಸಿರು ಚಹಾ ಕೊಟ್ಟ. ನಾನೂ ಭಾಗ್ಯಳೂ ಲಿಫ್ಟಿನಲ್ಲಿ ಮೇಲೆ ಹೋದೆವು.

ಗೋಡೆಯಿಲ್ಲ, ನೆಲ ಇನ್ನೂ ಅರ್ಧ, ಬರೀ ಕಂಬ ಮತ್ತು ತೊಲೆ. ನಿಂತ ಕಂಬಗಳ ನಡುವೆ ಅಡ್ಡ ತೊಲೆ ಹಾಯ್ದದ್ದು ನೋಡಿ ನನಗೆ ಮಗ್ಗದ ಹಾಸು ಹೊಕ್ಕು ನೆನಪಾಯಿತು. ಬಟ್ಟೆ ಅಷ್ಟೇ, ಅದಕ್ಕೆ ಇನ್ನೂ ಗಂಜಿ ಹಾಕಿಲ್ಲ ಅಂತ ಹೇಳಿದೆ. ಭಾಗ್ಯಾ ಹೌದು ಅಂದಳು. ಇಷ್ಟು ಎತ್ತರಕ್ಕೆ ಬರೀ ಕಾಂಕ್ರೀಟ್ ಹಾಕಿದ್ದರೆ ಕೆಳಗಿನ ಕಂಬಗಳೇ ಅರ್ಧ ಕೋಣೆ ನುಂಗುತ್ತಿದ್ದವು. ಉಕ್ಕು ತೆಳುವಾಗಿ ನಿಂತು ಅಷ್ಟೇ ಭಾರ ಹೊರುತ್ತದೆ. ಭಾರ ಕಡಿಮೆಯಾದಷ್ಟೂ ಭೂಕಂಪದ ಪೆಟ್ಟು ಕಡಿಮೆ. ಮೇಲಾಗಿ ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಬಾಗುತ್ತಾ ಒಳಗಿದ್ದವರಿಗೆ ಓಡುವುದಕ್ಕೆ ಹೊತ್ತು ಕೊಡುತ್ತದೆ. ಬೆಂಕಿ ಒಂದಕ್ಕೆ ಮಾತ್ರ ಮೆತ್ತಗಾಗುತ್ತದೆ. ಅದಕ್ಕೇ ಕೊನೆಗೆ ಎಲ್ಲ ತೊಲೆಗೂ ಬೆಂಕಿ ತಾಗದ ಲೇಪ ಹೊದಿಸಿ ಮುಚ್ಚಿಬಿಡುತ್ತಾರೆ. ಅವಳು ಮಾಡಿದ್ದು ಯಾವುದೂ ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಅವಳು ಬೇಸರವಿಲ್ಲದೆ ಹೇಳಿದಳು.

ಕೆಳಗೆ ಬಂದಾಗ ಒಂದು ಕಡೆ ತೊಲೆಗಳನ್ನು ಜೋಡಿಸಿಟ್ಟಿದ್ದರು. ಮೈಯೆಲ್ಲ ಬಣ್ಣ, ಎರಡೂ ತುದಿಯಲ್ಲಿ ಮಾತ್ರ ಬಣ್ಣವಿಲ್ಲದೆ ಕೆಂಪು ತುಕ್ಕು. ಇದೇನು, ಇಷ್ಟು ನೀಟಾದ ಜನ ತುದಿಯನ್ನೇ ಮರೆತರಲ್ಲ ಅಂದೆ. ಮರೆತಿಲ್ಲ, ಬೇಕೆಂದೇ ತುಕ್ಕು ಬರಿಸುತ್ತಾರೆ ಅಂದಳು. ಎರಡು ತೊಲೆ ಕೂಡುವಲ್ಲಿ ಮೇಲೆ ಕೆಳಗೆ ತಗಡು ಇಟ್ಟು ಬೋಲ್ಟಿನಿಂದ ಗಟ್ಟಿಯಾಗಿ ಬಿಗಿಯುತ್ತಾರೆ. ಬೋಲ್ಟು ಮಾಡುವುದು ಒತ್ತಿ ಹಿಡಿಯುವ ಕೆಲಸ ಅಷ್ಟೇ. ಜಾರದ ಹಾಗೆ ಕಚ್ಚಿಕೊಳ್ಳುವುದು ಆ ತುಕ್ಕಿನ ತರಿ. ಅಲ್ಲಿ ಬಣ್ಣ ಬೀಳಬಾರದು, ಧೂಳು ಕೂರಬಾರದು. ಎಣ್ಣೆಯಂತೂ ಒಂದು ಹನಿಯೂ ತಾಗಬಾರದು, ತಾಗಿದರೆ ಹಿಡಿತ ಹೋಯಿತು. ಈ ಮಾತನ್ನು ನಕ್ಷೆಯ ಮೇಲೆ ಬರೆದವಳು ಅವಳೇ. ಅವ್ವ ಆಗ ದೂರದಲ್ಲಿ ಒಕಾದಾನಿಂದ ಎರಡನೇ ಸಲ ಚಹಾ ಹಾಕಿಸಿಕೊಳ್ಳುತ್ತಿದ್ದಳು.

ಬಿಳಿ ತೊಲೆ

ಏರಿಸುವ ದಿನ ಕೊನೆಯ ತೊಲೆಗೆ, ತುದಿ ಎರಡನ್ನು ಬಿಟ್ಟು, ಬಿಳಿ ಬಣ್ಣ ಬಳಿದು, ಕೆಂಪು ಬಿಳಿ ರಿಬ್ಬನ್ ಕಟ್ಟಿ, ಅಂಗಳದಲ್ಲಿ ಮರದ ತುಂಡುಗಳ ಮೇಲೆ ಮಲಗಿಸಿದ್ದರು. ಎಲ್ಲರೂ ಸರದಿಯಲ್ಲಿ ನಿಂತು ಅದರ ನಡುಭಾಗದ ಮೇಲೆ ಹೆಸರು ಬರೆಯುತ್ತಿದ್ದರು. ಕೆಲಸಗಾರರ ಹೆಂಡಂದಿರು, ಮುದುಕರು, ಕಂಕುಳಲ್ಲಿ ಕೂಸು, ಎಲ್ಲರೂ. ನಾನು ಬರೆಯುವವರನ್ನು ನೋಡುತ್ತಾ ಚಿತ್ರ ಗೀಚುತ್ತಾ ಮೈಮರೆತೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಅದರೊಳಗೆ ಏರಿಸಬೇಕು ಅಂತ ಭಾಗ್ಯಾ ಆ ಕಡೆ ಈ ಕಡೆ ಓಡಾಡುತ್ತಿದ್ದಳು.

ಕೊಂಡಿ ಹಾಕಿದರು. ಬೆರಳು ತೋರಿಸಿದರು. ಕ್ರೇನಿನ ಎಂಜಿನ್ನು ಗುಡುಗತೊಡಗಿತು. ಅಷ್ಟರಲ್ಲಿ ಅವ್ವ ಬಂದು ನನ್ನ ಪಕ್ಕ ನಿಂತಳು. ಮುಖದಲ್ಲಿ ಅದೇನೋ ಸಮಾಧಾನ. ಅವಳ ಬಲಗೈ ನೋಡಿದೆ. ಹಳದಿ, ಅದರ ಮೇಲೆ ಮಿರಿಮಿರಿ ಎಣ್ಣೆ.

“ಏನ್ ಮಾಡಿ ಬಂದೀ ಬೇ?” ಅಂದೆ.

“ಆ ತುದಿ ಎಲ್ಲಾ ಜಂಗ ಹಿಡಿದಿತ್ತಲೇ ಮಾಳಪ್ಪ. ಮ್ಯಾಲ ಹೋದ ಮ್ಯಾಲ ಯಾರು ನೋಡ್ತಾರ ಅದನ್ನ? ಒರಸಿ, ಎಣ್ಣಿ ಹಚ್ಚಿ, ಭಂಡಾರ ಹಚ್ಚೀನಿ. ಆಕಿ ಕಟ್ಟಿದ್ದು ಹೆಚ್ಚ ದಿನ ಬಾಳಲಿ.”

ಸೊಸೆ ಕಟ್ಟಿದ್ದು ಬಾಳಲಿ ಅಂತ ಅವಳು ಅಂದದ್ದು ನನ್ನ ಕಿವಿಗೆ ಬಿತ್ತು, ಆದರೆ ಅದನ್ನು ಸವಿಯುವ ಹೊತ್ತು ಅದಾಗಿರಲಿಲ್ಲ. ನಾನು ಭಾಗ್ಯಳ ಕಡೆ ಓಡಿದೆ. ಹೇಳಿದ್ದು ಕೇಳಿ ಅವಳು ಒಂದು ಕ್ಷಣ ತೊಲೆಯ ಕಡೆ ನೋಡಿದಳು, ಆಮೇಲೆ ಎರಡೂ ಕೈ ಎತ್ತಿ ಅಡ್ಡ ಹಿಡಿದಳು. ಅಲ್ಲಿ ಯಾರು ಕೈ ಎತ್ತಿದರೂ ಕೆಲಸ ನಿಲ್ಲಬೇಕು. ತೊಲೆ ನೆಲದಿಂದ ಮೊಣಕಾಲೆತ್ತರ ಎದ್ದಿದ್ದು ಅಲ್ಲೇ ನಿಂತಿತು, ಮೆಲ್ಲಗೆ ಮತ್ತೆ ಇಳಿಯಿತು. ಟೈ ಕಟ್ಟಿದ ಹಿರಿಯರೆಲ್ಲ ಭಾಗ್ಯಳ ಕಡೆ ತಿರುಗಿದರು.

ಅವಳು ನನ್ನ ಹತ್ತಿರ ಬಂದಳು. ಎಂಜಿನ್ನಿನ ಸದ್ದಿಗೆ ಕಿವಿಯ ಬಳಿ ಬಾಯಿಟ್ಟರೂ ಅರ್ಧ ಕೇಳಿಸುತ್ತಿತ್ತು. “ಅತ್ತಿಗೆ ಏನೂ ಹೇಳಬ್ಯಾಡ್ರಿ. ನೊಂದ್ಕೋತಾರ. ನಾನಽ ಹಚ್ಚೀನಿ, ನಮ್ಮ ಪದ್ಧತಿ, ಮರತ ಹಚ್ಚಿಬಿಟ್ಟೆ ಅಂತ ಹೇಳ್ತೀನಿ.”

ನಿನ್ನ ಮುಂದಿನ ಕೆಲಸದ ಗತಿ ಏನು ಅಂದೆ. ಎಣ್ಣೆ ತಾಗಬಾರದು ಅಂತ ನಕ್ಷೆಯಲ್ಲಿ ಬರೆದವಳೇ ಎಣ್ಣೆ ಹಚ್ಚಿದಳು ಅಂದರೆ ಅದಕ್ಕಿಂತ ಎತ್ತರದ್ದನ್ನು ಅವಳ ಕೈಗೆ ಯಾರು ಕೊಡುತ್ತಾರೆ? ಹೋದರೆ ಹೋಗಲಿ ಬಿಡ್ರಿ ಅಂದಳು. ಹೇಳಿ ಹೆಲ್ಮೆಟ್ ಸರಿಮಾಡಿಕೊಂಡು ಹಿರಿಯರ ಕಡೆ ನಡೆದಳು.

ನಾನು ತಿರುಗಿ ನೋಡಿದೆ. ಅವ್ವ ಅಂಗಳದ ಆಚೆ ತುದಿಯಲ್ಲಿ, ನಾನು ಬಿಟ್ಟು ಬಂದಲ್ಲೇ ನಿಂತಿದ್ದಳು. ನಮ್ಮನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಭಾಗ್ಯಳ ಬಾಯಿಯನ್ನು ಅಂತ ನನಗೆ ಆಗ ಹೊಳೆಯಿತು.

ಅವ್ವ ಹಗ್ಗದ ಬೇಲಿ ಎತ್ತಿ ಒಳಗೆ ಬಂದಳು. ಯಾರೋ ತಡೆಯಲು ಹೋದರು, ನಿಲ್ಲಲಿಲ್ಲ. ನೇರ ಒಕಾದಾನ ಮುಂದೆ ಹೋಗಿ ಎಣ್ಣೆಗೈ ಚಾಚಿ ತೋರಿಸಿದಳು, ಆ ಕೈಯನ್ನೇ ತನ್ನ ಎದೆಗೆ ಬಡಿದುಕೊಂಡಳು. ಬಿಳಿ ಸೀರೆಯ ಮೇಲೆ ಹಳದಿ ಮೂಡಿತು. ಆಮೇಲೆ, ಭಾಗ್ಯಾ ಜಪಾನಿಗೆ ಹೋದ ಮೇಲೆ ಮೊದಲ ಸಲ, ನನ್ನನ್ನು ನಡುವೆ ಇಡದೆ ನೇರವಾಗಿ ಸೊಸೆಯ ಕಡೆ ತಿರುಗಿದಳು.

“ನಾ ಹಚ್ಚೀನಂತ ಹೇಳು ಅವರಿಗೆ. ನಿನ್ನ ಜಪಾನಿ ನನಗ ತಿಳ್ಯಾಂಗಿಲ್ಲ, ಆದ್ರ ಸುಳ್ಳ ಹೇಳೂ ಮುಂದ ನಿನ್ನ ಮುಖ ಹೆಂಗ ಆಗತೈತಿ ನನಗ ಗೊತ್ತೈತಿ.”

ಭಾಗ್ಯಾ ಹೇಳಿದಳು. ಒಕಾದಾ ತೊಲೆಯ ತುದಿಗೆ ಹೋಗಿ, ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿ ಮೂಸಿದ. ಇದನ್ನು ಯಾಕೆ ಹಚ್ಚಿದಿರಿ ಅಂತ ಕೇಳಿದ. ಅವ್ವ ಮಗ್ಗದ ವಿಷಯ ಹೇಳಿದಳು. ಮನೆಯ ಕಬ್ಬಿಣಕ್ಕೆ ದಿನಾ ಎಣ್ಣೆ ಬಿಡುತ್ತೇನೆ, ಇದೂ ಮನೆಯದೇ ಅಂತ ತಿಳಿದೆ ಅಂದಳು. ಭಾಗ್ಯಾ ಅದನ್ನೂ ಹೇಳಿದಳು. ಒಕಾದಾ ಹೆಲ್ಮೆಟ್ ತೆಗೆದು ಅವ್ವನಿಗೆ ಬಾಗಿದ. ಆಮೇಲೆ ಟೈ ಕಟ್ಟಿದವರ ಹತ್ತಿರ ಹೋಗಿ ಅವರಿಗೂ ಬಾಗಿದ. ಹೊರಗಿನವರು ತೊಲೆಯ ತುದಿಗೆ ಹೋಗದ ಹಾಗೆ ನೋಡಿಕೊಳ್ಳುವುದು ತನ್ನ ಕೆಲಸ, ತಪ್ಪು ತನ್ನದು ಅಂದನಂತೆ. ತೊಲೆ ಇವತ್ತು ಏರುವುದಿಲ್ಲ, ತೊಳೆದು ಮತ್ತೆ ತರಿ ಬರಿಸಬೇಕು, ಗಾಳಿ ಇಳಿದ ಮೇಲೆ ನಾಳೆ ಬೆಳಿಗ್ಗೆ. ಅವರಲ್ಲಿ ಹಿರಿಯನೊಬ್ಬ ಗಡಿಯಾರ ನೋಡಿದ, ಆಮೇಲೆ ಭಾಗ್ಯಳ ಮುಖ ನೋಡಿದ, ಸರಿಯಾದ ಹೊತ್ತಿಗೆ ಕೈ ಎತ್ತಿದೆ ಅಂದ. ಊಟದ ಡಬ್ಬಿಗಳನ್ನು ಬೇಗನೇ ಹಂಚಿದರು.

ಅವ್ವ ಊಟ ಮಾಡಲಿಲ್ಲ. ಮುಖವಾಡ ಹಾಕಿದವರು ಆ ತುದಿಯನ್ನು ಔಷಧಿ ಹಾಕಿ ಒರೆಸಿ, ಸಣ್ಣ ಯಂತ್ರದಿಂದ ಮರಳಿನಂಥದ್ದನ್ನು ಊದಿ ತರಿ ಮಾಡುವುದನ್ನು ದೂರದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಲೇ ಇದ್ದಳು. ಭಾಗ್ಯಾ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಜಂಗು ಇದ್ದರೆ ಹೇಗೆ ಗಟ್ಟಿ ಅಂತ ಅವ್ವ ಕೇಳಿದಳು, ಅವಳನ್ನೇ ಕೇಳಿದಳು. ಭಾಗ್ಯಾ ತನ್ನ ಅಂಗೈಯನ್ನು ಅವ್ವನ ಎಣ್ಣೆ ಅಂಗೈಗೆ ಒತ್ತಿ ಹಿಡಿದು, ಜಗ್ಗರಿ ಅತ್ತಿ ಅಂದಳು. ಕೈ ಸರಕ್ಕನೆ ಜಾರಿತು. ಆಮೇಲೆ ಅವ್ವನ ಎಡಗೈ ಹಿಡಿದಳು. ನೂಲು ಕಟ್ಟಿ ಕಟ್ಟಿ ಒರಟಾದ ಕೈ ಅದು. ಜಗ್ಗಿದರೂ ಜಾರಲಿಲ್ಲ. ಹಂಗಾದ್ರ ನಂದು ಜಂಗ ಹಿಡಿದ ಕೈ ಅನ್ನು ಅಂತ ಅವ್ವ ನಕ್ಕಳು. ಕೈ ಬಿಡಿಸಿಕೊಳ್ಳಲಿಲ್ಲ.

ಮರುದಿನ

ಗಾಳಿ ನಿಂತಿತ್ತು. ಟೈ ಕಟ್ಟಿದವರು ಕಡಿಮೆ ಬಂದಿದ್ದರು, ಕೆಲಸಗಾರರ ಮನೆಯವರು ಅಷ್ಟೂ ಬಂದಿದ್ದರು. ಒಬ್ಬ ಮುದುಕಿ ಅವ್ವನಿಗೆ ಕಾಗದದಲ್ಲಿ ಸುತ್ತಿದ ಒಂದು ಕಿತ್ತಳೆ ಹಣ್ಣು ಕೊಟ್ಟು ಹೋದಳು. ಯಾಕೆ ಅಂತ ನಮಗೂ ಗೊತ್ತಾಗಲಿಲ್ಲ, ಆಕೆಯೂ ಹೇಳಲಿಲ್ಲ.

ಒಕಾದಾ ಅವ್ವನನ್ನು ತೊಲೆಯ ಬಳಿ ಕರೆದ. ತುದಿಯನ್ನು ಬೆರಳಿಂದ ತೋರಿಸಿ, ಕೈ ಅಡ್ಡ ಆಡಿಸಿದ. ಆಮೇಲೆ ನಡುವೆ, ಎಲ್ಲರ ಹೆಸರಿನ ಮಧ್ಯೆ ಬಿಟ್ಟಿದ್ದ ಒಂದು ಅಂಗೈಯಗಲದ ಜಾಗ ತೋರಿಸಿದ. ಆ ಜಾಗ ನಿನ್ನೆಯೂ ಹಾಗೇ ಇತ್ತೋ, ಅವನು ಯಾರಿಗೂ ಬರೆಯಲು ಬಿಡದೆ ಉಳಿಸಿದ್ದನೋ ತಿಳಿಯದು. ಅವ್ವ ಸಾಬೂನು ಹಾಕಿ ಕೈ ತೊಳೆದು, ಒರೆಸಿ, ಒಣ ಭಂಡಾರವನ್ನು ಅಂಗೈಗೆ ಸವರಿಕೊಂಡು ಅಲ್ಲಿ ಒತ್ತಿದಳು. ಐದು ಬೆರಳೂ ಮೂಡಿದವು. ಕೆಳಗೆ ಭಾಗ್ಯಾ ಸಣ್ಣಗೆ ತನ್ನ ಹೆಸರು ಬರೆದಳು.

ತೊಲೆ ಏರಿತು. ರಿಬ್ಬನ್ ಬಾಲದ ಹಾಗೆ ಹಾರುತ್ತಾ, ಮೇಲೆ ಮೇಲೆ, ಕಡ್ಡಿಯಷ್ಟಾಗಿ, ತನ್ನ ಜಾಗಕ್ಕೆ ಹೋಗಿ ಕೂತಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು. ಬೋಲ್ಟು ಸಾಕಷ್ಟು ಬಿಗಿಯಾದ ಕೂಡಲೇ ಅದರ ತುದಿಯ ಬಾಲ ತಾನಾಗಿ ಮುರಿದು ಉದುರುತ್ತದೆ, ಮುರಿದರೆ ಬಿಗಿಯಾಯಿತೆಂದು ಅರ್ಥ. ಸಂಜೆ ಒಕಾದಾ ಅಂಥದ್ದೊಂದು ಬಾಲವನ್ನು ತಂದು ಅವ್ವನ ಕೈಗಿಟ್ಟ. ಅವಳು ಎಣ್ಣೆ ಹಚ್ಚಿದ ತುದಿಯದಂತೆ. ಅದು ಭಂಡಾರದ ಗಂಟಿಗೆ ಸೇರಿತು.

ಅವತ್ತು ಉತ್ತರ ಕೊಡುವ ದಿನ. ಭಾಗ್ಯಾ ಕೊಡಲಿಲ್ಲ, ಇನ್ನೊಂದು ವಾರ ಕೇಳಿದ್ದಾಳೆ ಅಂತ ನನಗೆ ಹೇಳಿದಳು. ಅವ್ವನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ, ನನಗೂ ಇರಲಿಲ್ಲ. ಅಷ್ಟು ಚೆಂದ ಮಾತಾಡುತ್ತಿದ್ದವರ ನಡುವೆ ಆ ಮಾತು ಯಾರು ಹಾಕಬೇಕು? ಉಳಿದ ದಿನವೆಲ್ಲ ಅತ್ತೆ ಸೊಸೆ ಕೂಡಿ ಅಡುಗೆ ಮಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮತ್ತೆ ವಿಮಾನ ನಿಲ್ದಾಣ

ಹೊರಡುವಾಗ ಭಾಗ್ಯಾ ನಮ್ಮ ಚೀಲಗಳ ಜೊತೆ ಬಂದಳು, ಅವಳ ಚೀಲ ಇರಲಿಲ್ಲ. ನಿನ್ನ ಬಟ್ಟೆ ಬರೆ ಎಲ್ಲಿ ಅಂತ ಅವ್ವ ಕೇಳುತ್ತಾಳೆ ಅಂತ ನಾನು ಎದೆ ಹಿಡಿದುಕೊಂಡಿದ್ದೆ. ಕೇಳಲಿಲ್ಲ. ಕಾಲು ಮುಟ್ಟಿದವಳನ್ನು ಎತ್ತಿ, ಗಿಡ್ಡ ಕೂದಲನ್ನು ಕಿವಿಯ ಹಿಂದೆ ಸರಿಸಿ, ಇದನ್ನ ಬೆಳಸು ಅಂದಳು. ನಾನು ಹೆಂಡತಿಯ ಕೈ ಹಿಡಿದು, ಬಿಟ್ಟು, ಮತ್ತೆ ಹಿಡಿದೆ. ಹಿಂದೆ ಸರದಿ ಇತ್ತು.

ತಪಾಸಣೆ ದಾಟಿದ ಮೇಲೆ ದಪ್ಪ ಗಾಜಿನ ಗೋಡೆ. ಆಚೆ ಅವಳು, ಈಚೆ ನಾವು. ಒಂದು ಸದ್ದೂ ದಾಟುವುದಿಲ್ಲ. ಅವಳು ಫೋನ್ ಎತ್ತಿ ತೋರಿಸಿದಳು, ಮಾತಾಡೋಣ ಅಂತ. ಅವ್ವ ಬೇಡ ಅಂತ ಕೈ ಆಡಿಸಿ, ಗಾಜಿನ ಹತ್ತಿರ ಹೋಗಿ ನಿಂತು, ಮಗ್ಗದ ಕೋಣೆಯಲ್ಲಿ ಮಾತಾಡಿದ ಹಾಗೆ, ದನಿ ಇಲ್ಲದೆ, ತುಟಿ ಬಿಡಿಸಿ ಬಿಡಿಸಿ ಹೇಳಿದಳು. ಪಕ್ಕದಲ್ಲಿ ನಿಂತ ನನಗೂ ಕಂಡಿತು.

“ಹೂಂ ಅನ್ನು ಅವರಿಗೆ. ಆ ಇನ್ನೊಂದೂ ಎಬ್ಬಿಸಿ ಬಾ, ಭಾಗವ್ವಾ.”

ಭಾಗ್ಯಾ ನನ್ನ ಕಡೆ ನೋಡಿದಳು, ನೀವು ಹೇಳಿದಿರಾ ಅಂತ. ನಾನು ತಲೆ ಅಲ್ಲಾಡಿಸಿದೆ. ಅವಳು ಅವ್ವನ ಕಡೆ ತಿರುಗಿ ಏನೋ ಹೇಳಲು ಹೋದಳು, ತುಟಿ ಅದುರಿ ಒಂದು ಅಕ್ಷರವೂ ಓದಲಾಗಲಿಲ್ಲ. ಆದರೂ ಅವ್ವ ತಿಳಿದವಳ ಹಾಗೆ ತಲೆಯಾಡಿಸಿದಳು. ಭಾಗ್ಯಳ ಹಿಂದೆ ಜನ ಬಂದು ಹೋದರು, ನಮ್ಮ ವಿಮಾನದ ಕರೆ ಆಯಿತು, ಅವಳು ಅಲ್ಲೇ ನಿಂತಿದ್ದಳು. ನಾನು ತಿರುಗಿ ತಿರುಗಿ ನೋಡುತ್ತಾ ನಡೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತುಬಿಟ್ಟೆ.

ಸೀಟಿನಲ್ಲಿ ಕೂತ ಮೇಲೆ ಕೇಳಿದೆ, ನಿನಗೆ ಯಾವಾಗ ಗೊತ್ತಾಯಿತು ಅಂತ.

“ಮೊದಲನೇ ದಿನಾನ” ಅಂದಳು. “ನೀವಿಬ್ಬರೂ ಅರಿವಿ ಒಣಾ ಹಾಕೂ ಮುಂದ. ಗಾಜಿನ ಬಾಗಿಲಾ ಹಾಕ್ಕೊಂಡ್ರ ಕಾಣೂದಿಲ್ಲೇನು?”

“ಮತ್ತ ಇಷ್ಟ ದಿನ ಯಾಕ ಸುಮ್ನಿದ್ದೀ ಬೇ?”

ಅವ್ವ ಗಂಟಿನಿಂದ ಆ ಬೋಲ್ಟಿನ ಬಾಲ ತೆಗೆದು ಬೆರಳಲ್ಲಿ ಹೊರಳಿಸಿದಳು. “ಆಕಿ ತಾನಾಗಿ ಹೇಳಲಿ ಅಂತ ನಾ ಕಾಯಾಕತ್ತಿದ್ದೆ. ಅತ್ತಿ ಬೈತಾಳಂತ ಆಕಿ ಕಾಯಾಕತ್ತಿದ್ದಳು. ಇಬ್ಬರೂ ಕಾಯ್ಕೋತ ಕುಂತ್ರ ಆ ತೊಲಿ ಏರಸವ್ರು ಯಾರು?”

ವಿಮಾನ ಓಡತೊಡಗಿತು. ಅವಳು ಬಾಲವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ತೆರೆಯದೆಯೇ, ಭಾಗವ್ವ ಉಂಡು ಬಂದಿದ್ದಳೋ ಇಲ್ಲವೋ ಕೇಳಲೇ ಇಲ್ಲ ನೋಡು ಅಂದಳು.